ಕತ್ತು ನೋವು, ತಲೆಸುತ್ತು ಎರಡೂ ಇದ್ದಾಗ ಯಾವ ದಾರಿ ಹಿಡಿಯಬೇಕು?

ಕತ್ತು ನೋವೂ ತಲೆಸುತ್ತೂ ಜೊತೆಗೇ ಇರುವವರಿಗೆ ನಮ್ಮಲ್ಲಿ ಸಲಹೆಗೆ ಬರವಿಲ್ಲ. ಆಫೀಸಿನಲ್ಲಿ ಒಬ್ಬರು ಬೆಲ್ಟು ಹಾಕಿಕೊಳ್ಳಿ ಅಂದರೆ ಇನ್ನೊಬ್ಬರು ಕರೆಂಟು ಕೊಡಿಸಿಕೊಳ್ಳಿ ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ತಲೆಸುತ್ತಿನ ಮಾತ್ರೆ ವರ್ಟಿನ್ ಸಿಗುತ್ತದೆ. ಊರಿಂದ ಬಂದ ಚಿಕ್ಕಮ್ಮ ಎಣ್ಣೆ ಕಾಯಿಸಲು ಕೂರುತ್ತಾರೆ. ಇವೆಲ್ಲ ಯಾರಿಗೋ ಒಮ್ಮೆ ನೆರವಾದಂಥವೇ. ಆದರೆ ಯಾವುದು ಯಾರಿಗೆ ಎಂದು ತಿಳಿಯದೆ ಒಂದಾದ ಮೇಲೊಂದು ಮಾಡುತ್ತಾ ಹೋದರೆ ವರ್ಷಗಳೇ ಕಳೆದುಹೋಗುತ್ತವೆ.

ಈ ಎರಡನ್ನೂ ಬಹುಕಾಲದಿಂದ ಕಟ್ಟಿಕೊಂಡು ಬದುಕುತ್ತಿರುವವಳಾಗಿ ನಾನು ಮೊದಲೇ ಹೇಳಬೇಕೆಂದಿರುವುದು ಇಷ್ಟು: ಚಿಕಿತ್ಸೆ ಆರಿಸುವಾಗ ಕತ್ತಿನ ಎಕ್ಸ್‌-ರೇಗಿಂತ ನಿಮ್ಮ ತಲೆಸುತ್ತು ಯಾವ ಬಗೆಯದು ಎನ್ನುವುದೇ ಹೆಚ್ಚು ದಾರಿ ತೋರಿಸುತ್ತದೆ.

ಮೊದಲು, ಕಾಯಲೇಬಾರದ ಹೊತ್ತು

ಹಠಾತ್ತಾಗಿ ತಲೆ ಸುತ್ತಿ ಜೊತೆಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಕೈಯೋ ಕಾಲೋ ಸೋತರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೇ ಹೋಗಿ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಹಿಂದೆಂದೂ ಇಲ್ಲದಂಥ ನೋವು ಕತ್ತಿನ ಹಿಂಭಾಗದಲ್ಲಿ ಒಮ್ಮೆಲೇ ಬಂದು ತಲೆಸುತ್ತೂ ಸೇರಿಕೊಂಡರೆ ಅದಕ್ಕೂ ಇದೇ ಅವಸರ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ರವಿಕೆಯ ಹುಕ್ಕು ಹಾಕಲು ಬೆರಳು ತಡವರಿಸುವುದು, ಚಿಲ್ಲರೆ ಎಣಿಸುವಾಗ ನಾಣ್ಯ ಜಾರುವುದು, ಕಾಲು ಬಿಗಿದು ಹೆಜ್ಜೆ ತಪ್ಪುವುದು, ಮೂತ್ರ ಹಿಡಿದುಕೊಳ್ಳಲು ಆಗದಿರುವುದು. ಇವೆಲ್ಲ ಕತ್ತಿನಲ್ಲಿ ಬೆನ್ನುಹುರಿಯೇ ಒತ್ತಿಹೋಗುತ್ತಿದೆ ಎಂಬುದರ ಸೂಚನೆ ಇರಬಹುದು. ಮನೆಮದ್ದು, ವ್ಯಾಯಾಮ, ಕೆಳಗೆ ಬರೆದಿರುವ ಯಾವುದೂ ಇದಕ್ಕಲ್ಲ. ನರರೋಗ ತಜ್ಞರನ್ನು ಬೇಗ ಕಾಣಬೇಕು, ಇಲ್ಲಿ ಎಂಆರ್‌ಐ ಬೇಕೇ ಬೇಕು. ಬಿದ್ದು ಪೆಟ್ಟಾದ ಮೇಲಿನ ನೋವು, ಜ್ವರದ ಜೊತೆ ಸೆಟೆದ ಕತ್ತು, ಕಾರಣವಿಲ್ಲದೆ ಇಳಿಯುತ್ತಿರುವ ತೂಕ ಇವನ್ನೂ ಡಾಕ್ಟರಿಗೆ ತಡವಿಲ್ಲದೆ ಹೇಳಿ.

ಎಕ್ಸ್‌-ರೇ ಹೇಳುವುದೆಷ್ಟು?

'ಮೂಳೆ ಸವೆದಿದೆ, ನರ ಒತ್ತಿದೆ, ಅದಕ್ಕೇ ತಲೆಸುತ್ತು' ಎಂಬ ಮಾತನ್ನು ಕೇಳದ ಕತ್ತುನೋವಿನವರು ಕಡಿಮೆ. ಜಪಾನಿನಲ್ಲಿ ಕತ್ತಿನ ಯಾವ ತೊಂದರೆಯೂ ಇಲ್ಲದ 1211 ಮಂದಿಗೆ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿ ಶೇ 87.6ರಷ್ಟು ಜನರಲ್ಲಿ ಕತ್ತಿನ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗೆ ಹಾಗೇ ಇತ್ತು, ನೋವು ಮಾತ್ರ ಇರಲಿಲ್ಲ. ಅಂದರೆ ರಿಪೋರ್ಟಿನಲ್ಲಿ ಸವೆತ, ಡಿಸ್ಕ್ ಉಬ್ಬು ಎಂದು ಬರೆದಿರುವುದು ಸುಳ್ಳಲ್ಲ, ಆದರೆ ನಿಮ್ಮ ತಲೆಸುತ್ತಿಗೆ ಅದೇ ಕಾರಣ ಎನ್ನಲು ಅಷ್ಟು ಸಾಲದು. ನೋವು ತೋಳಿಗೆ ಇಳಿದು ಬೆರಳು ಜೋಮು ಹಿಡಿದರೆ, ಕೈಯ ಶಕ್ತಿ ಕುಂದಿದರೆ, ಮೇಲೆ ಹೇಳಿದ ಬೆನ್ನುಹುರಿಯ ಲಕ್ಷಣ ಕಂಡರೆ ಸ್ಕ್ಯಾನಿಂಗಿಗೆ ಅರ್ಥವಿದೆ. ಬರೀ ನೋವು, ಬಿಗಿತ ಇದ್ದಾಗ ಆ ದುಡ್ಡನ್ನು ಒಳ್ಳೆಯ ಫಿಸಿಯೋಥೆರಪಿಗೆ ಇಟ್ಟುಕೊಳ್ಳುವುದು ಮೇಲು.

ತಲೆಸುತ್ತಿನ ಬಗೆ ಗುರುತಿಸುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಮುಂದಿನ ಆಯ್ಕೆಯೆಲ್ಲ ಇದರ ಮೇಲೇ ನಿಂತಿದೆ. ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಜೊತೆಗೆ ಏನಿರುತ್ತದೆ ಎಂಬ ಮೂರನ್ನು ಒಂದು ವಾರ ಬರೆದಿಡಿ. 'ಒಂಥರಾ ಆಗುತ್ತೆ ಡಾಕ್ಟ್ರೇ' ಅನ್ನುವುದಕ್ಕಿಂತ ಆ ಒಂದು ಹಾಳೆ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮಲಗುವಾಗ ಅಥವಾ ಏಳುವಾಗ, ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದಾಗ ಇಡೀ ಕೋಣೆ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ ಅದು ಬಹುಮಟ್ಟಿಗೆ ಒಳಕಿವಿಯದು. ಅಲ್ಲಿ ಅಂಟಿಕೊಂಡಿರಬೇಕಾದ ಸಣ್ಣ ಸುಣ್ಣದ ಹರಳುಗಳು ಸಡಿಲಾಗಿ ಪಕ್ಕದ ಅರ್ಧವೃತ್ತದ ನಾಳಕ್ಕೆ ಜಾರಿರುತ್ತವೆ. ಡಾಕ್ಟರು ಇದನ್ನು ಬಿಪಿಪಿವಿ ಎನ್ನುತ್ತಾರೆ. ಕತ್ತು ಎತ್ತಿದಾಗ ಬರುವುದರಿಂದ ಜನ ಇದನ್ನು ಕತ್ತಿನ ತಲೆಸುತ್ತು ಎಂದುಕೊಳ್ಳುತ್ತಾರೆ. ಒಂದು ಗುಟ್ಟು ನೆನಪಿಡಿ: ಮಗ್ಗುಲಾಗುವಾಗ ತಲೆ, ಮೈ ಒಟ್ಟಿಗೇ ಉರುಳುತ್ತವೆ, ಕತ್ತು ತಿರುಚಿಕೊಳ್ಳುವುದು ಕಡಿಮೆ. ಆಗಲೂ ತಿರುಗಿದರೆ ಅನುಮಾನ ಕಿವಿಯ ಮೇಲಿರಲಿ.

ಕುಳಿತಲ್ಲಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬಂದು, ಕೂತರೆ ಸರಿಹೋಗುವುದು ಬಿಪಿಯ ಕಥೆ. ಐದು ನಿಮಿಷ ಮಲಗಿ ಬಿಪಿ ನೋಡಿ, ಎದ್ದು ನಿಂತು ಒಂದನೇ ಮತ್ತು ಮೂರನೇ ನಿಮಿಷದಲ್ಲಿ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಅದನ್ನು ಡಾಕ್ಟರಿಗೆ ತೋರಿಸಿ. ವಯಸ್ಸಾದವರಲ್ಲಿ ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಹಳೆಯ ಸಕ್ಕರೆ ಕಾಯಿಲೆ ಇದಕ್ಕೆ ಕಾರಣವಾಗುವುದುಂಟು. ರಕ್ತಹೀನತೆಯನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಿಕೊಳ್ಳಬಹುದು.

ನಿಮಿಷಗಳಿಂದ ಹಿಡಿದು ಎರಡು ಮೂರು ದಿನದವರೆಗೂ ಇರುವ ತಲೆಸುತ್ತು, ಜೊತೆಗೆ ಬೆಳಕು, ಸದ್ದು ಸಹಿಸಲಾಗದ ಸ್ಥಿತಿ, ಹಿಂದೆ ಅರೆತಲೆನೋವಿನ ಅನುಭವ, ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ವಾಂತಿ, ಉಪವಾಸದ ದಿನವೋ ತಲೆಸ್ನಾನದ ದಿನವೋ ಹೆಚ್ಚಾಗುವ ರೂಢಿ ಇವೆಲ್ಲ ಇದ್ದರೆ ಮೈಗ್ರೇನ್ ಬಗ್ಗೆ ಕೇಳಿ. ಮೈಗ್ರೇನಿನಲ್ಲಿ ತಲೆನೋವಿಗೂ ಮುಂಚೆ ಕತ್ತು ಬಿಗಿಯುವುದು ಬಹಳ ಸಾಮಾನ್ಯ. ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ 'ಸ್ಪಾಂಡಿಲೈಟಿಸ್' ಎಂಬ ಹೆಸರಿನಲ್ಲಿ ಮೈಗ್ರೇನನ್ನೇ ಹೊತ್ತು ತಿರುಗುತ್ತಾರೆ, ಅವರಿಗೆ ಸಿಗಬೇಕಾದ ಔಷಧ ಸಿಗುವುದೇ ಇಲ್ಲ. ನನಗೆ ತುಂಬಾ ನೋವಾಗುವ ಸಂಗತಿ ಇದು. ತಲೆಸುತ್ತಿನ ಜೊತೆ ಒಂದು ಕಿವಿ ಮುಚ್ಚಿದಂತಾಗಿ, ಗುಂಯ್‌ಗುಟ್ಟಿ, ಕೇಳುವುದು ಕಡಿಮೆಯಾದರೆ ಮೆನಿಯೇರ್ ಕಾಯಿಲೆಯ ಪರೀಕ್ಷೆ ಬೇಕು.

ಹಾಗಾದರೆ ನಿಜವಾಗಿ ಕತ್ತಿನಿಂದ ಬರುವ ತಲೆಸುತ್ತು ಎಂಬುದು ಇಲ್ಲವೇ? ಇದೆ. ಕತ್ತಿನ ಮೇಲ್ಭಾಗದ ಕೀಲು, ಸ್ನಾಯುಗಳು ತಲೆ ಎತ್ತ ತಿರುಗಿದೆ ಎಂದು ಮಿದುಳಿಗೆ ತಿಳಿಸುತ್ತಿರುತ್ತವೆ. ಕಣ್ಣು, ಒಳಕಿವಿ ಹೇಳುವುದಕ್ಕೂ ಕತ್ತು ಹೇಳುವುದಕ್ಕೂ ತಾಳೆಯಾಗದಾಗ ಓಲಾಡಿದಂತೆ, ತೇಲಿದಂತೆ ಅನ್ನಿಸುತ್ತದೆ. ಕೋಣೆ ಗಿರಗಿರ ತಿರುಗುವುದು ಇದರ ಲಕ್ಷಣವಲ್ಲ. ನೋವು ಹೆಚ್ಚಿದ ದಿನ ಹೆಚ್ಚು, ಇಳಿದ ದಿನ ಕಡಿಮೆ. ಇದನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ, ಉಳಿದದ್ದನ್ನೆಲ್ಲ ತಳ್ಳಿಹಾಕಿದ ಮೇಲೆ ಇಡುವ ಹೆಸರು ಇದು.

ಇದರ ತಿರುವುಮುರುವೂ ನಡೆಯುತ್ತದೆ. ಕಿವಿಯ ದೆಸೆಯಿಂದ ತಲೆ ಸುತ್ತಿದಾಗ ಭಯಕ್ಕೆ ನಾವು ತಲೆಯನ್ನು ಅಲ್ಲಾಡಿಸದೆ, ಹೆಗಲು ಎತ್ತಿ ಬಿಗಿಹಿಡಿಯುತ್ತೇವೆ. ವಾರಗಟ್ಟಲೆ ಹಾಗೇ ಇದ್ದರೆ ಕತ್ತು ನೋಯದೆ ಇನ್ನೇನು? ಆಗ ಕತ್ತಿಗೆ ಎಷ್ಟು ಚಿಕಿತ್ಸೆ ಕೊಟ್ಟರೂ ಅರ್ಧವೇ ಫಲ.

ಯಾರ ಬಳಿ ಮೊದಲು?

ಗಿರ್ರನೆ ತಿರುಗುವುದಾದರೆ ಕಿವಿ, ಮೂಗು, ಗಂಟಲಿನ ಡಾಕ್ಟರು. ಎದ್ದಾಗ ಕತ್ತಲೆ ಬಂದರೆ ನಿಮ್ಮ ಫ್ಯಾಮಿಲಿ ಡಾಕ್ಟರು ಅಥವಾ ಫಿಸಿಶಿಯನ್. ಮೈಗ್ರೇನ್ ಅನುಮಾನಕ್ಕೆ, ಕೈಕಾಲಿನ ಶಕ್ತಿ ಕುಂದಿದ್ದಕ್ಕೆ ನರರೋಗ ತಜ್ಞರು. ಬೆಂಗಳೂರಿನ ನಿಮ್ಹಾನ್ಸ್ ದೊಡ್ಡ ಆಸರೆ, ಆದರೆ ಊರಿನ ಡಾಕ್ಟರ ಚೀಟಿ, ಹಳೆಯ ರಿಪೋರ್ಟು ಹಿಡಿದು ಬೆಳಿಗ್ಗೆ ಬೇಗ ಹೋಗುವ ತಯಾರಿ ಇರಲಿ. ಕಿವಿ ಕೇಳುವುದು ಕಡಿಮೆಯಾಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿಯನ್ನು ಕೂಲಂಕಷವಾಗಿ ಪರೀಕ್ಷಿಸುತ್ತಾರೆ. ಬರೀ ಕತ್ತು ನೋವು ಮುಖ್ಯವಾಗಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ, ಬೇಗನೆ ಫಿಸಿಯೋಥೆರಪಿಸ್ಟರ ಕೈಗೆ ಹೋಗಿ.

ಹರಳು ಜಾರಿದ್ದರೆ: ಎಪ್ಲಿಯೋ, ಸೆಮಾಂಟೋ, ಮನೆಯ ವ್ಯಾಯಾಮವೋ

ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯರು ರೂಪಿಸಿದ ಕ್ರಮದಲ್ಲಿ ತಲೆಯನ್ನು ಒಂದೊಂದೇ ಕೋನಕ್ಕೆ ತಿರುಗಿಸುತ್ತಾ ಹರಳನ್ನು ಮೊದಲಿದ್ದ ಜಾಗಕ್ಕೆ ಉರುಳಿಸುತ್ತಾರೆ. ಕೆಲವೇ ನಿಮಿಷದ ಕೆಲಸ, ಮಾತ್ರೆ ಬೇಡ. ಹೆಚ್ಚಿನವರಿಗೆ ಒಂದೆರಡು ಸಲಕ್ಕೇ ಗುಣ ಕಾಣುತ್ತದೆ. ಈ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಆಯ್ಕೆ ಇಲ್ಲ. ಆದರೆ ಇದರಲ್ಲಿ ತಲೆಯನ್ನು ಮಂಚದ ಅಂಚಿನಿಂದ ಹಿಂದಕ್ಕೆ ಜೋಲಿಸಬೇಕು, ಕತ್ತು ನೋವಿನವರಿಗೆ ಕಷ್ಟವೇ ಅದು. ಅದನ್ನು ಮುಂಚೆಯೇ ಹೇಳಿ. ಹೆಗಲಿನ ಕೆಳಗೆ ದಿಂಬು ಇಟ್ಟು ಮಾಡಬಹುದು, ಅಥವಾ ಸೆಮಾಂಟ್ ಎಂಬ ಇನ್ನೊಂದು ಕ್ರಮ ಆರಿಸಬಹುದು. ಅದರಲ್ಲಿ ಇಡೀ ಮೈಯನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಬೇಗ ಒಯ್ಯುತ್ತಾರೆ, ಕತ್ತು ಹಿಂದಕ್ಕೆ ಬಾಗುವುದಿಲ್ಲ. ಸೊಂಟ, ಮಂಡಿ ಗಟ್ಟಿಯಿದ್ದು ಕತ್ತು ಮಾತ್ರ ಕೆಟ್ಟಿದ್ದರೆ ಸೆಮಾಂಟ್ ಮೇಲು. ಮೈಭಾರವಿರುವ ವಯಸ್ಸಾದವರಿಗೆ ದಿಂಬಿಟ್ಟ ಎಪ್ಲಿಯೇ ಸುಲಭ.

ಬ್ರಾಂಟ್–ಡಾರಾಫ್ ವ್ಯಾಯಾಮವನ್ನು ಮನೆಯಲ್ಲೇ ಮಾಡಬಹುದು. ಮಂಚದ ಅಂಚಿನಲ್ಲಿ ಕೂತು, ಮುಖವನ್ನು ಒಂದು ಕಡೆಗೆ ಅರ್ಧ ತಿರುಗಿಸಿ, ಅದರ ಎದುರು ಮಗ್ಗುಲಿಗೆ ಮಲಗಿ, ಅರ್ಧ ನಿಮಿಷ ಇದ್ದು ಏಳುವುದು, ಮತ್ತೆ ಇನ್ನೊಂದು ಕಡೆ. ಎಪ್ಲಿಯಷ್ಟು ಬೇಗ ಫಲ ಕೊಡದು, ಮಾಡುವಾಗ ತಲೆ ಸುತ್ತುತ್ತದೆ, ಜೊತೆಗೆ ಯಾರಾದರೂ ಇರಬೇಕು. ದೂರದ ಹಳ್ಳಿಯಲ್ಲಿದ್ದು ತಜ್ಞರು ಸಿಗುವುದು ತಡವಾಗುವವರಿಗೆ ಇದು ನಡುದಾರಿ. ಹರಳು ಮತ್ತೆ ಮತ್ತೆ ಜಾರುವವರು ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಕೊರತೆ ಇದ್ದವರಿಗೆ ವಿಟಮಿನ್ ಡಿ, ಕ್ಯಾಲ್ಸಿಯಂ ಕೊಟ್ಟಾಗ ಮರುಕಳಿಸುವುದು ಕಡಿಮೆಯಾಗಿತ್ತು.

ಮಾತ್ರೆ ಎಷ್ಟು ದಿನ?

ಸ್ಟೆಮೆಟಿಲ್, ಸ್ಟುಗೆರಾನ್ ಥರದ ಮಾತ್ರೆಗಳು ವಾಂತಿಯೊಂದಿಗೆ ಜೋರಾಗಿ ತಿರುಗುವ ಮೊದಲ ಎರಡು ಮೂರು ದಿನ ನಿಜಕ್ಕೂ ಬೇಕಾಗುತ್ತವೆ. ಆಮೇಲೂ ನುಂಗುತ್ತಾ ಹೋದರೆ ತೊಂದರೆ. ಸಮತೋಲ ಕೆಟ್ಟಾಗ ಮಿದುಳು ತಾನೇ ಹೊಸದಾಗಿ ಹೊಂದಿಕೊಳ್ಳಲು ಕಲಿಯುತ್ತದೆ, ಈ ಮಾತ್ರೆಗಳು ಆ ಕಲಿಕೆಯನ್ನೇ ಮಂಕುಗೊಳಿಸುತ್ತವೆ. ವಯಸ್ಸಾದವರು ಇವನ್ನು ತಿಂಗಳುಗಟ್ಟಲೆ ತಿಂದರೆ ಕೈನಡುಕ, ನಿಧಾನ ನಡಿಗೆಯಂಥ ಪಾರ್ಕಿನ್ಸನ್ ಲಕ್ಷಣಗಳೇ ಬರಬಹುದು. ಅಪ್ಪ ಅಮ್ಮನ ಮಾತ್ರೆ ಡಬ್ಬಿಯಲ್ಲಿ ಹಳೆಯ ಚೀಟಿಯ ಸ್ಟುಗೆರಾನ್ ಇನ್ನೂ ಇದೆಯೇ ಎಂದು ಇವತ್ತೇ ನೋಡಿ, ಇದ್ದರೆ ಡಾಕ್ಟರನ್ನು ಕೇಳಿ.

ವರ್ಟಿನ್, ಅಂದರೆ ಬೀಟಾಹಿಸ್ಟಿನ್, ಅಷ್ಟು ಮಂಪರು ತರುವುದಿಲ್ಲ. ಆದರೆ ಅದರ ಮೇಲಿನ ಭರವಸೆಗೆ ತಕ್ಕ ಆಧಾರ ಇಲ್ಲ. ಜರ್ಮನಿಯಲ್ಲಿ ಮೆನಿಯೇರ್ ಇದ್ದ 221 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾಹಿಸ್ಟಿನ್‌ಗೂ ಸತ್ವವಿಲ್ಲದ ಗುಳಿಗೆಗೂ ವ್ಯತ್ಯಾಸ ಕಾಣಲಿಲ್ಲ. ಹರಳು ಜಾರಿದ್ದನ್ನಂತೂ ಯಾವ ಮಾತ್ರೆಯೂ ಮೊದಲಿನ ಜಾಗಕ್ಕೆ ತರಲಾರದು.

ಕತ್ತುನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್, ಸ್ನಾಯು ಸಡಿಲಿಸುವ ಗುಳಿಗೆಗಳು ತಲೆಸುತ್ತನ್ನು ತಾವೇ ತರಬಲ್ಲವು. ಆ ಮಾತ್ರೆ ಶುರುವಾದ ಮೇಲೆ ತಲೆಸುತ್ತು ಬಂತೇ, ಮುಂಚೆಯೇ ಇತ್ತೇ ಎಂದು ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ, ವರ್ಷಕ್ಕಲ್ಲ: ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ಪೆಟ್ಟು.

ಕತ್ತಿಗೆ: ಬೆಲ್ಟು, ಕರೆಂಟು, ವ್ಯಾಯಾಮ

ಬೆಲ್ಟು ಕಟ್ಟಿಕೊಂಡ ಕೂಡಲೇ ಹಾಯೆನಿಸುತ್ತದೆ, ಸುಮಾರು ಐದು ಕಿಲೋ ತೂಗುವ ತಲೆಗೆ ಆಸರೆ ಸಿಗುತ್ತದಲ್ಲ. ಆದರೆ ದಿನವಿಡೀ ಕಟ್ಟಿದರೆ ಸ್ನಾಯು ಸೊರಗಿ, ಕತ್ತು ಇನ್ನಷ್ಟು ಬಿಗಿದು, ತಲೆಯ ದಿಕ್ಕು ತಿಳಿಸುವ ಕೆಲಸವನ್ನೇ ಅದು ಮರೆಯುತ್ತದೆ. ತಲೆಸುತ್ತೂ ಇದ್ದವರಿಗೆ ಇದು ಇಮ್ಮಡಿ ನಷ್ಟ. ಹಳ್ಳದ ರಸ್ತೆಯಲ್ಲಿ ಬಸ್ ಪ್ರಯಾಣ, ನೋವು ಕೆರಳಿದ ಒಂದೆರಡು ದಿನ, ಅಷ್ಟಕ್ಕೆ ಇರಲಿ.

ಕರೆಂಟು, ಶಾಖ, ಕತ್ತನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ. ಕೈ ಜೋಮು ಇದ್ದವರಲ್ಲಿ ಕೆಲವರಿಗೆ ಟ್ರ್ಯಾಕ್ಷನ್ ಒಗ್ಗುತ್ತದೆ, ತಲೆಸುತ್ತು ಇದ್ದರೆ ಮಾತ್ರ ಮೊದಲೇ ತಿಳಿಸಿ. ಮಿಷನ್ನಿಗೆ ಹಚ್ಚಿ ಹೋಗಿಬಿಡುವ ಕ್ಲಿನಿಕ್ಕಿಗಿಂತ, ಕೈಯಿಂದ ಕೀಲು ಸಡಿಲಿಸಿ, ವ್ಯಾಯಾಮ ಕಲಿಸಿ, ಮುಂದಿನ ವಾರ ಅದನ್ನು ಮಾಡಿಸಿ ನೋಡುವ ಫಿಸಿಯೋಥೆರಪಿಸ್ಟರನ್ನು ಹುಡುಕಿ. ಫೀಸು ಸ್ವಲ್ಪ ಹೆಚ್ಚಾದರೂ ಒಟ್ಟು ಖರ್ಚು ಕಡಿಮೆಯೇ.

ವ್ಯಾಯಾಮ ನಿಧಾನ, ಬೇಸರ ತರಿಸುತ್ತದೆ, ಆದರೆ ಬಾಳಿಕೆ ಇರುವುದು ಅದಕ್ಕೇ. ಮಲಗಿಕೊಂಡು ಗದ್ದವನ್ನು ಮೆಲ್ಲಗೆ ಒಳಕ್ಕೆಳೆದು ಹತ್ತು ಸೆಕೆಂಡು ಹಿಡಿಯುವುದು ಕತ್ತಿನ ಒಳಗಿನ ಸ್ನಾಯುಗಳಿಗೆ. ಹೆಗಲ ಹಲಗೆಗಳನ್ನು ಹಿಂದಕ್ಕೆ ಜೋಡಿಸುವುದು ಬೆನ್ನಿಗೆ. ತಲೆಸುತ್ತು ಇರುವವರು ಇದಕ್ಕೆ ಸಮತೋಲದ ವ್ಯಾಯಾಮವನ್ನೂ ಸೇರಿಸಬೇಕು: ಗೋಡೆಯ ಮೇಲಿನ ಒಂದು ಅಕ್ಷರವನ್ನೇ ದಿಟ್ಟಿಸುತ್ತಾ ತಲೆಯನ್ನು ಸಣ್ಣಗೆ ಎಡಕ್ಕೂ ಬಲಕ್ಕೂ ಆಡಿಸುವುದು, ಪಾದ ಜೋಡಿಸಿ ನಿಲ್ಲುವುದು, ಆಮೇಲೆ ನಡೆಯುತ್ತಾ ತಲೆ ತಿರುಗಿಸುವುದು. ಮಾಡುವಾಗ ತುಸು ತಲೆ ಸುತ್ತಬೇಕು, ಕೆಲ ನಿಮಿಷದಲ್ಲಿ ಇಳಿಯಬೇಕು. ದಿನವಿಡೀ ಉಳಿದರೆ ಪ್ರಮಾಣ ಹೆಚ್ಚಾಯಿತು ಎಂದರ್ಥ. ಕತ್ತಿಗೊಬ್ಬರು, ತಲೆಸುತ್ತಿಗೊಬ್ಬರು ಎಂದು ಎರಡು ಕಡೆ ಓಡಾಡುವುದಕ್ಕಿಂತ ಎರಡನ್ನೂ ಬಲ್ಲ ಒಬ್ಬರು ಸಿಕ್ಕರೆ ಪುಣ್ಯ.

ಎಣ್ಣೆ, ಗ್ರೀವಾ ಬಸ್ತಿ, ನೆಟಿಗೆ

ಎಣ್ಣೆ ಹಚ್ಚಿ ಮೆತ್ತಗೆ ನೀವುವುದು, ಬಿಸಿನೀರಿನ ಶಾಖ ಇವಕ್ಕೆ ನನ್ನ ಆಕ್ಷೇಪವಿಲ್ಲ. ಗ್ರೀವಾ ಬಸ್ತಿಯಲ್ಲಿ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಕತ್ತಿನ ಮೇಲೆ ಬೆಚ್ಚನೆಯ ತೈಲ ನಿಲ್ಲಿಸುತ್ತಾರೆ. ಬಿಗಿದ ಸ್ನಾಯುಗಳಿಗೆ ಹಿತ, ಆ ಹಿತದಲ್ಲಿ ವ್ಯಾಯಾಮ ಶುರುಮಾಡಲು ಸುಲಭ. ಬೋರಲು ಮಲಗಿ ಎದ್ದಾಗ ತಲೆ ಸುತ್ತಬಹುದು, ಸ್ವಲ್ಪ ಹೊತ್ತು ಕೂತೇ ಇರಿ. ಓದಿದ ವೈದ್ಯರಿರುವ ಕಡೆ ಹೋಗಿ: ಮೈಸೂರು, ಬೆಂಗಳೂರಿನ ಸರ್ಕಾರಿ ಆಯುರ್ವೇದ ಆಸ್ಪತ್ರೆಗಳಿವೆ. ಹೆಸರಿಲ್ಲದ ಪೊಟ್ಟಣದ ಭಸ್ಮ, ಗುಳಿಗೆ ಬೇಡ, ಸೀಸ, ಪಾದರಸದ ಭಯವಿದೆ.

ನೆಟಿಗೆ ತೆಗೆಸುವುದು ಬೇರೆ ಮಾತು. ಕ್ಷೌರದಂಗಡಿಯಲ್ಲಿ ತಲೆ ತಟ್ಟಿ, ಕೊನೆಗೆ ಗದ್ದ ಹಿಡಿದು ಲಟಕ್ಕೆಂದು ತಿರುಚುತ್ತಾರಲ್ಲ, ಅದನ್ನು ಬೇಡ ಎನ್ನಿ. ಕತ್ತಿನ ಮೂಳೆಗಳ ನಡುವೆ, ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ರಭಸದ ತಿರುಚಿಗೆ ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು. 2024ರಲ್ಲಿ ನಮ್ಮ ಬಳ್ಳಾರಿಯವರೊಬ್ಬರಿಗೆ ಹೀಗೇ ಆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಪರೂಪ ನಿಜ, ಆದರೆ ಒಂದು ಕ್ಷಣದ ಹಾಯೆನಿಸುವಿಕೆಗೆ ಇಷ್ಟು ದೊಡ್ಡ ಬೆಲೆ ಯಾಕೆ?

ಯೋಗ ಮಾಡುವವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳನ್ನು ಪಕ್ಕಕ್ಕಿಡಿ. ಮಾರ್ಜಾಲಾಸನ, ತಾಡಾಸನ, ನಿಧಾನದ ಉಸಿರಾಟ ಸಾಕು. ಕತ್ತನ್ನು ಪೂರ್ತಿ ಗುಂಡಗೆ ತಿರುಗಿಸುವ ಅಭ್ಯಾಸವೂ ಬೇಡ.

ಮನೆ, ಕೆಲಸ, ಗಾಡಿ

ದುಬಾರಿ ದಿಂಬಿಗಿಂತ ಎತ್ತರ ಮುಖ್ಯ. ಮಗ್ಗುಲಾಗಿ ಮಲಗಿದಾಗ ಕಿವಿ, ಹೆಗಲ ನಡುವಿನ ಜಾಗ ತುಂಬಬೇಕು, ಅಂಗಾತ ಮಲಗಿದಾಗ ಗದ್ದ ಎದೆಗೆ ತಾಗುವಂತಿರಬಾರದು. ಬೋರಲು ಮಲಗುವುದು ಕತ್ತಿಗೆ ಒಳ್ಳೆಯದಲ್ಲ. ಬಚ್ಚಲಿನಲ್ಲಿ ಜಾರದ ಚಾಪೆ, ಹಿಡಿಯಲು ಕಂಬಿ, ರಾತ್ರಿ ಸಣ್ಣ ದೀಪ ಇವು ಯಾವ ಮಾತ್ರೆಗಿಂತಲೂ ಕಡಿಮೆಯಲ್ಲ. ತಲೆಸುತ್ತಿದ್ದವರು ಬಿದ್ದು ಸೊಂಟ ಮುರಿದುಕೊಳ್ಳುವುದೇ ದೊಡ್ಡ ಕಷ್ಟ.

ದಿನಾ ಬಳಸುವ ಡಬ್ಬಿಗಳು ಎದೆಯ ಎತ್ತರಕ್ಕೆ ಬರಲಿ. ತಲೆಯ ಮೇಲೆ ಹುಲ್ಲು, ಸೌದೆ ಹೊರುವವರು ಹೊರೆಯನ್ನು ಗಾಡಿಗೋ ಸೊಂಟಕ್ಕೋ ಬದಲಿಸಬೇಕು. ಅಡಿಕೆ ಕೊಯ್ಲಿನಲ್ಲಿ ಗಂಟೆಗಟ್ಟಲೆ ಮೇಲೆ ನೋಡುತ್ತಾ ದೋಟಿ ಹಿಡಿಯುವವರು ಈ ಹಂಗಾಮು ಕೆಳಗಿನ ಕೆಲಸ ಕೇಳಿಕೊಳ್ಳಲಿ; ಮರ ಹತ್ತುವುದಂತೂ ತಲೆಸುತ್ತು ಪೂರ್ತಿ ನಿಲ್ಲುವವರೆಗೆ ಬೇಡವೇ ಬೇಡ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಬೇರೆ ಕೀಬೋರ್ಡು ಹಾಕಿದರೆ ಸಾಕು, ದುಬಾರಿ ಕುರ್ಚಿ ಆಮೇಲೆ. ಗಾಡಿ ಓಡಿಸುವ ವಿಷಯದಲ್ಲಿ ರಾಜಿ ಇಲ್ಲ. ಹಠಾತ್ತಾಗಿ ಸುತ್ತುವ ಬಗೆಯಾದರೆ ಅದು ನಿಲ್ಲುವವರೆಗೂ ಸ್ಕೂಟರು, ಕಾರು ಎರಡೂ ಬೇಡ. ಓಲಾಡಿದಂತಾಗುವ ಬಗೆಯಾದರೆ ಡಾಕ್ಟರನ್ನು ಕೇಳಿಯೇ ಓಡಿಸಿ.

ಯಾವುದನ್ನು ಎಷ್ಟು ದಿನ ನೋಡಬೇಕು?

ಎಪ್ಲಿಯ ಫಲ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಎರಡು ಮೂರು ಸಲ ಸರಿಯಾಗಿ ಮಾಡಿಸಿಯೂ ಹಾಗೇ ಇದ್ದರೆ ಹರಳು ಬೇರೆ ನಾಳದಲ್ಲಿರಬಹುದು ಅಥವಾ ರೋಗವೇ ಬೇರೆ ಇರಬಹುದು. ಕತ್ತಿನ ಮತ್ತು ಸಮತೋಲದ ವ್ಯಾಯಾಮಕ್ಕೆ ಆರರಿಂದ ಎಂಟು ವಾರ ಕೊಡಿ, ಅದಕ್ಕೂ ಮುಂಚೆ ಕೈಬಿಟ್ಟರೆ ಮಾಡಿದಂತಾಗುವುದಿಲ್ಲ. ಮೈಗ್ರೇನ್ ತಡೆಯುವ ಮಾತ್ರೆಗಳಿಗೆ ಎರಡು ಮೂರು ತಿಂಗಳು ಬೇಕು.

ಇಷ್ಟೆಲ್ಲ ಆಗಿಯೂ ಮೂರು ತಿಂಗಳು ಮೀರಿ ಹೆಚ್ಚುಕಡಿಮೆ ದಿನಾ ಓಲಾಡಿದಂತಾಗುತ್ತಿದೆ, ನಿಂತಾಗ, ಜಾತ್ರೆಯ ಗದ್ದಲದಲ್ಲಿ, ಮಾಲಿನ ಸಾಲುಸಾಲು ಕಪಾಟಿನ ನಡುವೆ, ಮೊಬೈಲು ಸರಿಸುವಾಗ ಹೆಚ್ಚಾಗುತ್ತಿದೆ ಎಂದರೆ ಪಿಪಿಪಿಡಿ ಎಂಬ ಸ್ಥಿತಿಯ ಬಗ್ಗೆ ನರರೋಗ ತಜ್ಞರನ್ನು ಕೇಳಿ. ಅದಕ್ಕೆ ಸ್ಪಷ್ಟ ಲಕ್ಷಣಪಟ್ಟಿ ಸಿದ್ಧವಾದದ್ದು 2017ರಲ್ಲಿ, ಹಾಗಾಗಿ ಎಲ್ಲ ಡಾಕ್ಟರಿಗೂ ಇದು ತಟ್ಟನೆ ಹೊಳೆಯದಿರಬಹುದು. ಹಿಂದಿನ ತಲೆಸುತ್ತು ವಾಸಿಯಾದ ಮೇಲೂ ಮಿದುಳು ಎಚ್ಚರದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಸ್ಕ್ಯಾನಿಂಗ್ ಎಲ್ಲ ನಾರ್ಮಲ್ ಬರುವುದರಿಂದ ಮನೆಯವರು 'ಇದೆಲ್ಲ ನಿನ್ನ ಮನಸ್ಸಿನದು' ಎಂದುಬಿಡುತ್ತಾರೆ. ಹಾಗಲ್ಲ, ಇದು ನಿಜವಾದ ಕಾಯಿಲೆ, ಇದಕ್ಕೆ ಸಮತೋಲದ ವ್ಯಾಯಾಮ, ಆಪ್ತಸಮಾಲೋಚನೆ, ಕೆಲವರಿಗೆ ಕಡಿಮೆ ಪ್ರಮಾಣದ ಖಿನ್ನತೆಯ ಮಾತ್ರೆ ಎಂಬ ಮೂರು ದಾರಿಗಳಿವೆ. ಡಾಕ್ಟರ ಬಳಿ ಹೋಗುವಾಗ ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ವಿವರಣೆಯನ್ನು ಅವರೂ ಕೇಳಿಸಿಕೊಳ್ಳಲಿ.